ನಿಂಬೆವ್ವನ ಸೀಳುಹಲಗೆ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಹೊಳೆಯ ದಂಡೆಗೆ ಒಂದು ಊರಿತ್ತಂತೆ. ಆ ಊರಲ್ಲಿ ನಿಂಬೆವ್ವ ಅಂತ ಒಬ್ಬಳಿದ್ದಳಂತೆ. ಕೌದಿ ಹೊಲಿಯುವವಳು. ಅವಳು ಹೊಲಿದ ಕೌದಿ ಹೊದ್ದರೆ ಚಳಿಜ್ವರ ಬಿಡುತ್ತಿತ್ತು ಅನ್ನುತ್ತಾರೆ. ಗಂಡ ಹೆಂಡಿರ ಜಗಳ ತಣ್ಣಗಾಗುತ್ತಿತ್ತು ಅಂತಲೂ ಅನ್ನುತ್ತಾರೆ. ನಾನು ನೋಡಿಲ್ಲ. ನಮ್ಮಜ್ಜಿಯೂ ನೋಡಿರಲಿಲ್ಲ, ಆದರೂ ಆಣೆ ಇಟ್ಟು ಹೇಳುತ್ತಿದ್ದಳು.

ನಿಂಬೆವ್ವನ ಗಂಡ ಮೌನಪ್ಪ ಬಡಿಗ. ಅವನು ಬದುಕಿದ್ದಾಗ ತೇಗದ ಹಲಗೆಯೊಂದರಲ್ಲಿ ಉದ್ದಕ್ಕೆ, ಒಂದರ ಪಕ್ಕ ಒಂದು, ಸೀಳು ಕೊರೆದು ಕೊಟ್ಟಿದ್ದನಂತೆ. ಸೀಳಿನಿಂದ ಸೀಳಿಗೆ ಎರಡು ಬೆರಳಿನ ಅಂತರ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಹಳೆ ಸೀರೆ, ಧೋತರ, ಕುಪ್ಪಸ ಎಲ್ಲ ಒಂದರ ಮೇಲೊಂದು ಹಾಸುವುದು, ಮೇಲೆ ಹಲಗೆ ಇಡುವುದು, ಮೊಣಕಾಲೂರಿ ಅದುಮಿ ಹಿಡಿಯುವುದು, ಸೀಳಿನೊಳಗೆ ಚೂರಿ ಇಳಿಸಿ ಈ ತುದಿಯಿಂದ ಆ ತುದಿಗೆ ಎಳೆಯುವುದು. ಹಲಗೆ ಎತ್ತಿದರೆ ಪಟ್ಟಿಗಳು ಸಾಲಾಗಿ ಬಿದ್ದಿರುತ್ತಿದ್ದವು, ಎಲ್ಲ ಒಂದೇ ಅಗಲ. ಬೇರೆ ಹೆಂಗಸರು ಕತ್ತರಿ ಹಿಡಿದು ಕತ್ತರಿಸಿದ ಪಟ್ಟಿ ಹಾವು ಹರಿದ ಹಾಗೆ ಸೊಟ್ಟ. ನಿಂಬೆವ್ವನ ಪಟ್ಟಿಯನ್ನು ಕುರುಡರೂ ಮುಟ್ಟಿ ಗುರುತು ಹಿಡಿಯುತ್ತಿದ್ದರಂತೆ. ಆ ಹಲಗೆಗೆ ಸೀಳುಹಲಗೆ ಅಂತಲೇ ಹೆಸರಾಯಿತು.

ಹೊಟ್ಟೆಯ ಮಕ್ಕಳು ಮಾತ್ರ ನಿಂಬೆವ್ವನಿಗೆ ಉಳಿಯಲಿಲ್ಲ. ಹುಟ್ಟಿದವು, ಹೋದವು. ಆಮೇಲೆ ಮೌನಪ್ಪನೂ ಹೋದ.

ಈಗ ಆ ಊರಿನ ಒಂದು ಪದ್ಧತಿ ಹೇಳಬೇಕು. ಕೂಸು ಹುಟ್ಟುವ ಮೊದಲು, ಮಕ್ಕಳು ಬದುಕಿ ಬಾಳಿದ ಮನೆಗಳಿಗೆ ಹೋಗಿ ಸೆರಗೊಡ್ಡಿ ಹಳೆ ಬಟ್ಟೆ ಬೇಡಿ ತರಬೇಕು. ಆ ಬಟ್ಟೆಯ ಕೌದಿಯಲ್ಲಿ ಸುತ್ತಿದರೆ ಆ ಮಕ್ಕಳ ಆಯುಷ್ಯ ಈ ಕೂಸಿಗೂ ತಾಗುತ್ತದೆ ಅಂತ ನಂಬಿಕೆ. ಮಕ್ಕಳನ್ನು ಕಳೆದುಕೊಂಡು ಒಂಟಿಯಾದವಳ ಬಟ್ಟೆಯ ಒಂದು ಎಳೆಯೂ ಅದರಲ್ಲಿ ಸೇರಬಾರದು. ನೋಡಿ, ಹೊಲಿಯಲು ಅವಳ ಕೈ ಬೇಕು, ಅವಳ ಸೀರೆ ಬೇಡ! ಇದನ್ನು ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಂಬೆವ್ವನಿಗೆ ಬರುತ್ತಿರಲಿಲ್ಲವಂತೆ. ಕೂಸಿನ ಕೌದಿಗೆ ಕೂತರೆ ಸೆರಗನ್ನು ಎಳೆದು ಸೊಂಟಕ್ಕೆ ಬಿಗಿದು, ಉಡಿ ಕೊಡವಿ, ಆಮೇಲೆಯೇ ಹಲಗೆ ಮುಟ್ಟುತ್ತಿದ್ದಳಂತೆ.

ಹೀಗಿರುವಾಗ ಒಂದು ದಿನ ಕುಂಬಾರ ಓಣಿಯ ಹಂಪವ್ವ ಬಂದಳು. ಅವಳ ಸೊಸೆ ರಾಚವ್ವ ತುಂಬಿದ ಬಸುರಿ. ಮೊದಲಿನ ಎರಡು ಕೂಸುಗಳು ತೊಟ್ಟಿಲು ಹತ್ತುವ ಮೊದಲೇ ಹೋಗಿದ್ದವು. ಇದೂ ಉಳಿಯದಿದ್ದರೆ ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಅಂತ ಹಂಪವ್ವ ಸೊಸೆಯ ಎದುರಿಗೇ ಅಂದಿದ್ದಳಂತೆ. ಓಣಿ ಓಣಿ ತಿರುಗಿ ತಂದ ಬಟ್ಟೆಯನ್ನು ಸುರಿದು, ಯಾವುದು ಯಾರ ಮನೆಯದು ಅಂತ ಒಂದೊಂದಾಗಿ ಹೇಳಿ ಹೋದಳು. ನಿಂಬೆವ್ವ ಸೆರಗು ಬಿಗಿದಳು, ಉಡಿ ಕೊಡವಿದಳು, ಕತ್ತರಿಸಲು ಕೂತಳು.

ಎಲ್ಲ ಕತ್ತರಿಸಿ ಪಟ್ಟಿ ವಿಂಗಡಿಸುವಾಗ ಒಂದು ಹಸಿರು ಪಟ್ಟಿ ಸಿಕ್ಕಿತು. ಗಿಣಿಹಸಿರು, ಕಣ್ಣು ಕುಕ್ಕುವಂಥದ್ದು. ಹಂಪವ್ವ ತಂದದ್ದರಲ್ಲಿ ಹಸಿರೇ ಇರಲಿಲ್ಲ. ನಿಂಬೆವ್ವ ಎಲ್ಲವನ್ನೂ ಮತ್ತೆ ಕೆದರಿ ನೋಡಿದಳು. ಹಸಿರು ಬಟ್ಟೆಯ ಚೂರೂ ಇಲ್ಲ, ಪಟ್ಟಿ ಮಾತ್ರ ಇದೆ.

ಅವಳಿಗೆ ತಲೆ ಕೆಟ್ಟಿತು. ಪಟ್ಟಿ ಹಿಡಿದುಕೊಂಡು ಮನೆಮನೆಗೆ ಹೋದಳಂತೆ. "ಇದು ಯಾರದವ್ವ?" ಅಂತ ಕೇಳಿದಳಂತೆ. ನಮ್ಮದಲ್ಲ ಅಂದರು ಈ ಮನೆಯವರು. ನಮ್ಮದಲ್ಲ ಅಂದರು ಆ ಮನೆಯವರು. ನಮ್ಮದಲ್ಲ ಅಂತ ಹಂಪವ್ವನೂ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದಳು. ಯಾರೋ ಮಾಟ ಮಾಡಿಸಿ ತಂದು ಹಾಕಿದ್ದಾರೆ ಅಂದಳು ಒಬ್ಬಳು. ಅದನ್ನು ನಂಬಿದ್ದರೆ ನಿಂಬೆವ್ವನಿಗೆ ಸುಖವಾಗುತ್ತಿತ್ತು. ಆದರೆ ಪಟ್ಟಿ ಸರಿಯಾಗಿ ಎರಡು ಬೆರಳು ಅಗಲ! ಬೇರೆ ಯಾರ ಕೈಯಲ್ಲಿ ಹಾಗೆ ಬರುತ್ತದೆ? ಇದು ತನ್ನ ಹಲಗೆಯ ಕೆಳಗೇ ಹೋಗಿ ಬಂದದ್ದು, ತನ್ನ ಚೂರಿಯೇ ಕತ್ತರಿಸಿದ್ದು. ಯಾವಾಗ ಕತ್ತರಿಸಿದೆ, ಯಾರದನ್ನು ಕತ್ತರಿಸಿದೆ? ಹಲಗೆ ಇಟ್ಟ ಮೇಲೆ ಸೀಳು ಕಾಣುತ್ತದೆ, ಕೆಳಗೆ ಏನಿದೆ ಅನ್ನುವುದು ಕಾಣುವುದಿಲ್ಲವಲ್ಲ. ಆ ಗೊಂದಲದಲ್ಲಿ ಮಜ್ಜಿಗೆಗೆ ಖಾರದಪುಡಿ ಹಾಕಿ ಕುಡಿದಳು, ಕುಡಿದ ಮೇಲೂ ಗೊತ್ತಾಗಲಿಲ್ಲವಂತೆ.

ಅಷ್ಟರಲ್ಲಿ ರಾಚವ್ವನಿಗೆ ದಿನ ತುಂಬುವ ಮೊದಲೇ ಬೇನೆ ಎದ್ದಿತು. ಉಳಿದ ಪಟ್ಟಿಗಳನ್ನೆಲ್ಲ ಹೊಲಿದಾಗಿತ್ತು, ಕೌದಿ ಒಯ್ಯಲು ಆಳು ಬಂತು. ನೋಡಿದರೆ ಅಂಚಿಗೆ ಒಂದು ಪಟ್ಟಿ ಕಡಿಮೆ. ಬೇಡಿ ತರಲು ಹೊತ್ತಿಲ್ಲ, ಬಾಯಿ ತೆರೆದ ಕೌದಿ ಕಳಿಸುವಂತಿಲ್ಲ. ನಿಂಬೆವ್ವ ಹಸಿರು ಪಟ್ಟಿಯನ್ನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಕೊನೆಗೆ ಕಣ್ಣು ಮುಚ್ಚಿ ಅದನ್ನೇ ಹಚ್ಚಿ ಹೊಲಿದಳಂತೆ. ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಿ, ಕಳಿಸಿಕೊಟ್ಟಳು.

ಹೆಣ್ಣು ಕೂಸು. ಕೌದಿಯಲ್ಲಿ ಸುತ್ತಿದರು. ಮೊದಲಿನ ಕೂಸುಗಳು ಕಣ್ಣು ಮುಚ್ಚಿದ ದಿನಗಳು ಬಂದವು, ದಾಟಿದವು. ಇದು ಹಾಲು ಕುಡಿಯಿತು, ಓಣಿಗೆ ಕೇಳುವ ಹಾಗೆ ಅತ್ತಿತು, ಮತ್ತೆ ಕುಡಿಯಿತು.

ಒಂದು ದಿನ ನಿಂಬೆವ್ವ ಹೊಳೆಯಲ್ಲಿ ಸೀರೆ ಒಗೆದು ಮರಳ ಮೇಲೆ ಒಣಹಾಕಿದಳು. ಅವಳ ಸೀರೆಯಲ್ಲಿ ಹರಿಯದ ಜಾಗವೇ ಇರಲಿಲ್ಲ, ಹರಿದದ್ದನ್ನು ಅವಳು ನೋಡುವುದನ್ನೂ ಬಿಟ್ಟಿದ್ದಳು. ಆದರೆ ಸೊಂಟದೊಳಗೆ ಸಿಕ್ಕಿಸುವ ಒಳಸೆರಗಿನ ತುದಿ ಹರಿದಿರಲಿಲ್ಲ, ಗೆರೆ ಎಳೆದ ಹಾಗೆ ನೆಟ್ಟಗೆ ಕತ್ತರಿಸಿಹೋಗಿತ್ತು. ಹೊರಗೆಲ್ಲ ಬಿಸಿಲಿಗೆ ಬೂದಿಬಣ್ಣವಾಗಿ, ಮೊದಲಿನ ಬಣ್ಣ ಅವಳಿಗೇ ಮರೆತುಹೋಗಿದ್ದ ಸೀರೆ, ಬಿಸಿಲು ಕಾಣದ ಆ ಒಳಸೆರಗಲ್ಲಿ ಇನ್ನೂ ಗಿಣಿಹಸಿರಾಗಿಯೇ ಇತ್ತು. ಒಂದು ಎಳೆಯೂ ಬೀಳಬಾರದು ಅಂತ ಹೊರಗಿನ ಸೆರಗನ್ನು ಎಳೆದೆಳೆದು ಬಿಗಿದಿದ್ದಳಲ್ಲ, ಆ ಎಳೆತಕ್ಕೆ ಒಳಸೆರಗು ಸಡಿಲಾಗಿ ಹಲಗೆಯ ಕೆಳಗೆ ಜಾರಿತ್ತು.

ಒದ್ದೆ ಸೀರೆಯನ್ನೇ ಸುತ್ತಿಕೊಂಡು, ಮನೆಯಿಂದ ಚೂರಿ ತೆಗೆದುಕೊಂಡು ಕುಂಬಾರ ಓಣಿಗೆ ಓಡಿದಳಂತೆ. ಅಂಗಳದಲ್ಲೇ ನಿಂತು ಎಲ್ಲ ಹೇಳಿದಳು. ಹಂಪವ್ವ ಹಣೆ ಚಚ್ಚಿಕೊಂಡಳು, ಮನೆ ಹಾಳಾಯಿತು ಅಂತ ಕೂಗಿದಳು. "ಕೌದಿ ಕೊಡು ತಂಗಿ, ಈಗ ಬಿಚ್ಚಿ ತಗೀತೀನಿ" ಅಂತ ನಿಂಬೆವ್ವ ರಾಚವ್ವನ ಮುಂದೆ ಕೈ ಚಾಚಿದಳು.

ರಾಚವ್ವ ಅತ್ತೆಯ ಮುಂದೆ ಎಂದೂ ಬಾಯಿ ತೆರೆದವಳಲ್ಲ. ಕೂಸನ್ನು ಕೌದಿ ಸಮೇತ ಎದೆಗೆ ಒತ್ತಿಕೊಂಡಳಂತೆ. "ಬಿಚ್ಚಬ್ಯಾಡ ಯವ್ವಾ," ಅಂದಳಂತೆ. "ನನ್ನವೂ ಎರಡು ಹೋಗ್ಯಾವ. ನನ್ನ ಹಾಲು ಕುಡದು ಇದು ಬದುಕೇತಿ. ನನ್ನ ಹಾಲಿಗಿಲ್ಲದ ದೋಷ ನಿನ್ನ ಪಟ್ಟಿಗೆ ಎಲ್ಲಿಂದ ಬರತೈತಿ? ಯಾರದು ಯಾರದು ಅಂತ ಊರೆಲ್ಲ ಕೇಳಿದಿ. ಅದು ನಮ್ಮದು."

ನಿಂಬೆವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಚೂರಿ ಹಿಡಿದುಕೊಂಡೇ ಮನೆಯ ದಾರಿ ಬಿಟ್ಟು ಹೊಳೆಯ ಕಡೆ ನಡೆದಳಂತೆ, ಯಾರೋ ಕೈ ಹಿಡಿದು ತಿರುಗಿಸಿದರಂತೆ. ಅವಳು ಬೇಕಂತಲೇ ಕತ್ತರಿಸಿದ್ದಳು ಅಂತ ಈಗಲೂ ಕೆಲವರು ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಬೇಕಂತ ಮಾಡಿದವಳು ಹಾಗೆ ಓಡಿ ಬರುತ್ತಿರಲಿಲ್ಲ.

ಆ ಕೂಸು ಬೆಳೆಯಿತು, ಮೊಮ್ಮಕ್ಕಳನ್ನು ಆಡಿಸಿತು ಅನ್ನುತ್ತಾರೆ. ನಿಂಬೆವ್ವ ಹೋದಳು, ಹಲಗೆಯೂ ಗೆದ್ದಲಿಗೆ ಹೋಯಿತು, ಹೊಸ ಹಲಗೆಗಳು ಬಂದವು. ಈಗಲೂ ಆ ಕಡೆ ಕೂಸಿನ ಕೌದಿಗೆ ಕೂತವಳು ತನ್ನ ಒಳಸೆರಗಿನ ತುದಿಯನ್ನು ಹಲಗೆಯ ಕೆಳಗೆ ಸೇರಿಸಿ ಒಂದು ಪಟ್ಟಿ ಕತ್ತರಿಸುತ್ತಾಳೆ. ಅದನ್ನು ಹಿಡಿದು ಓಣಿಯಲ್ಲಿ ಇದು ಯಾರದು ಅಂತ ಕೇಳುತ್ತಾ ಹೋಗುತ್ತಾಳೆ. ಎಲ್ಲರೂ ನಗುತ್ತಾ ನಮ್ಮದಲ್ಲ ಅನ್ನುತ್ತಾರೆ. ಬಸುರಿ ಹೆಂಗಸು ಹೊಸ್ತಿಲಿಗೆ ಬಂದು ನಮ್ಮದು ಅಂತ ಇಸಿದುಕೊಳ್ಳುತ್ತಾಳೆ. ಇನ್ನು ಬಟ್ಟೆ ಬೇಡಲು ಸೆರಗೊಡ್ಡಿ ಹೊರಟವರು ಮೊದಲು ಹೋಗುವುದು ಮಕ್ಕಳು ಉಳಿಯದ ಮನೆಗೆ. ಆ ಮನೆಯಾಕೆ ಹಳೆಯದನ್ನು ಕೊಡುವುದಿಲ್ಲ, ಪೆಟ್ಟಿಗೆಯ ತಳದಿಂದ ತನ್ನ ಮದುವೆಯ ಸೀರೆ ತೆಗೆದು ಕೊಡುತ್ತಾಳೆ.