ಅಳೂ ಬ್ರೇಕು

"ಅವ್ವಾರ, ಅಂಜಿಕಿ ಬಾಯಿ ಮುಚ್ಚಸೂದು ಹೆಂಗ?"

ನಿರುಪಾದಿ ಕೇಳಿದ. ಸಣ್ಣ ಮಠ ಅದು. ಅದನ್ನ ನಡಸೂ ಗುರುಸಿದ್ದವ್ವನವರಿಗೆ ವಯಸ್ಸಾಗಿತ್ತು. ಬರೂ ಹುಣ್ಣಿವಿಗೆ ಮಠದ ಗಾದಿ ಈ ಶಿಷ್ಯಗ ಕೊಡೂದು ಅಂತ ಮಾತಾಗಿತ್ತು.

"ಆ ಮಾತ ಎತ್ತಿದಾಗಿಂದ ಎದಿಯೊಳಗ ಒಂದ ಸಮನ ಕಿರಚತೈತ್ರಿ. ಜಪಾ ಮಾಡಿದೆ, ಉಪಾಸ ಮಾಡಿದೆ. ಸುಮ್ಮನಾಗವಲ್ದು. ಏನರ ಮದ್ದ ಹೇಳ್ರಿ."

"ಮದ್ದ ಆಮ್ಯಾಲ. ಮೊದಲ ಕತಿ ಕೇಳು," ಅಂದ್ರು ಅವ್ವಾರು.

ಒಬ್ಬ ಬಳಿಗಾರ ಇದ್ದ. ಗಂಡ ಹೆಂಡ್ತಿ ಇಬ್ರೂ ಊರೂರ ತಿರಗಿ ಹೆಣ್ಮಕ್ಳಿಗೆ ಬಳಿ ಇಡಸತಿದ್ರು. ಅಂವ ಸೈಕಲ್ ತುಳಿಯಾಂವ, ಆಕಿ ಹಿಂದ ಕ್ಯಾರಿಯರ್ ಮ್ಯಾಲ ಮಲಾರ ಹಿಡಕೊಂಡ ಕುಂದ್ರಾಕಿ. ಮಲಾರ ಅಂದ್ರ ಬಳಿ ಪೋಣಿಸಿದ ಹಗ್ಗದ ಗಂಟು. ಬರಬರತ ಅಂವನ ಮೊಣಕಾಲ ಸೋತ್ವು. ದಿಬ್ಬದ ಊರುಗಳಿಗೆ ಸೈಕಲ್ ಏರಲಿಲ್ಲ. ಬೆಳಿಗೆ ಔಷಧ ಹೊಡಿಯೂ ಹಳೀ ಪಂಪಿನ ಎಂಜಿನ್ ತಂದ. ಕಮ್ಮಾರನ ಕೂಡ ಕುಂತು ಸೈಕಲ್ಲಿಗೆ ಜೋಡಿಸಿದ. ಎಂಜಿನ್ನಿಂದ ಹಿಂದಿನ ಗಾಲಿಗೆ ಒಂದ ಚೈನ್ ಹಾಕಿದ್ರು. ಗಾಡಿ ಓಡಿತು. ಊರ ನಕ್ಕಿತು. ಊರಿಗೇನ, ಓಡಿದ್ರೂ ನಗತೈತಿ, ಬಿದ್ರೂ ನಗತೈತಿ.

ಕಮ್ಮಾರ ಹೇಳಿದ್ದ: "ಚೈನಿಗೆ ದಿನಾ ಎಣ್ಣಿ ಕುಡಸು, ಬಿಗಿ ನೋಡು. ಬ್ರೇಕಿಗೆ ಮಾತ್ರ ಎಣ್ಣಿ ವಾಸನಿನೂ ತೋರಸಬ್ಯಾಡ. ರಿಮ್ಮಿಗೆ ಬೂದಿ ಹಚ್ಚಿ ಒರಸು."

ಬಳಿಗಾರ ಹಂಗ ಮಾಡಿದ. ದಿನಾ ಮುಂಜಾನೆ ಗೋಣಿತಟ್ಟ ಹಾಸಿ ಗಾಡಿ ತೆಲಿಕೆಳಗ ನಿಲ್ಲಸಾಂವ. ಸೀಮಿಎಣ್ಣಿ ಅದ್ದಿದ ಹಳೀ ಬ್ರಶ್ಶಿನಿಂದ ಚೈನ್ ತಿಕ್ಕಾಂವ. ಕೊಂಡಿ ಕೊಂಡಿಗೂ ಎಣ್ಣಿ ಬಿಟ್ಟು, ಮ್ಯಾಲಿಂದ ಅರವಿಲೆ ಒರಸಾಂವ. ನಡುವ ಬೆರಳ ಒತ್ತಿ ಜೋಲು ಬಿದ್ದೈತೇನ ನೋಡಾಂವ. ಬಿದ್ದಿದ್ರ ಎಂಜಿನ್ ಸರಸಿ ಬಿಗಿ ಮಾಡಾಂವ. ಹೆಂಡ್ತಿ ರಿಮ್ಮಿಗೆ ಬೂದಿ ಹಚ್ಚಾಕಿ. ಪಾತ್ರಿ ತಿಕ್ಕಿದಷ್ಟ ನಿಷ್ಠಿಲೆ ಹಚ್ಚತಿದ್ಲು. ಆಕಿಗೆ ಆ ಗಾಡಿ ಹತ್ತೂದಂದ್ರ ಜೀವ ಹೋಗತಿತ್ತು.

ಹಿಂದ ಕುಂತಾಗ ಆಕಿ ಕಣ್ಣ ತೆರೀತಿದ್ದಿಲ್ಲ. ಇಳಿಜಾರ ಬಂದ್ರ ಉಸರ ಹಿಡದ ಕುಂದ್ರಾಕಿ. ಬ್ರೇಕ್ ಹಿಡದಾಗ ಕೀಂವ್ ಅಂತ ಒಂದ ಸಪ್ಪಳ ಬರತಿತ್ತು. ಅದು ಕಿವಿಗೆ ಬಿದ್ದ ಮ್ಯಾಲನ ಆಕಿ ಉಸರ ಬಿಡಾಕಿ.

ಆ ಸಪ್ಪಳ ಬರಬರತ ಜೋರಾತು. ಬ್ರೇಕಿನ ರಬ್ಬರ್ ಸವದು ಕಬ್ಬಿಣ ರಿಮ್ಮಿಗೆ ತಾಗಾಕ ಹತ್ತಿತ್ತು. ಬಳಿಗಾರಗೂ ಅದು ಗೊತ್ತಿತ್ತು. ಸಂತಿಗೆ ಹೋದಾಗ ಹೊಸಾ ರಬ್ಬರ್ ತರತೀನಿ ಅಂತಿದ್ದ.

ಒಂದಿನ ತಮ್ಮ ಓಣಿ ಕಟ್ಟಿ ಮ್ಯಾಲ ಕುಂತ ಒಬ್ಬಾಕಿ ಬಾಯಿ ಬಿಟ್ಲು. ಎಲ್ಲಾ ಓಣ್ಯಾಗೂ ಅಂಥಾಕಿ ಒಬ್ಬಾಕಿ ಇರತಾಳ, ಹುಡಕೂದ ಬ್ಯಾಡ.

"ಏನೋ ಬಳಿಗಾರಾ, ನಿನ್ನ ಗಾಡಿ ಗಂಡ ಸತ್ತ ಹೊಸಾ ರಂಡಿ ಅತ್ತಂಗ ಅಳತೈತಲ್ಲೋ! ಮುತ್ತೈದೇರ ಕೈಗೆ ಬಳಿ ಇಡಸಾಂವ ನೀ. ಬಸರಿ ಮನಿ ಬಾಗಲಾಗ ಇದನ್ನ ಅಳಸಿಕೋತ ಹೋಗತೀಯೇನು?"

ಕಟ್ಟಿಗೆ ಕಟ್ಟಿನ ನಕ್ಕಿತು. ಬಳಿಗಾರನ ಮಾರಿ ಸಣ್ಣದಾತು.

ಮಾತು ಅಲ್ಲೇ ನಿಲ್ಲಲಿಲ್ಲ. ಅಂಥಾ ಮಾತಿಗೆ ಎಂಜಿನ್ ಬೇಕಾಗೂದಿಲ್ಲ. ಮುಂದಿನ ಊರಾಗ ಒಬ್ಬಾಕಿ ಬಾಗಲಾ ಮುಂದ ಮಾಡಿಕೊಂಡ್ಲು. ಇನ್ನೊಬ್ಬಾಕಿ, "ಗಾಡಿ ಊರ ಅಗಸಿ ಬಾಗಲಾಗ ಬಿಟ್ಟ ನಡಕೋತ ಬಾರಪಾ," ಅಂದ್ಲು. ಬಳಿಗಾರಗ ಬಳಿ ಒಡದ್ರ ಅಂಜಿಕಿಲ್ಲ, ಅಪಶಕುನ ಅಂದ್ರ ಅಂಜಿಕಿ. ದಿಬ್ಬದ ಮ್ಯಾಲಿನ ಊರಾಗ ದೊಡ್ಡ ಮನಿಯವರ ಬಸರಿ ಸೊಸಿಗೆ ಕುಬಸ ಇತ್ತು. ಹಸರ ಬಳಿ ಇಡಸಾಕ ಇವ್ರನ್ನ ಕರದಿದ್ರು.

ಹೋಗೂ ಮುಂಜಾನೆ ಬಳಿಗಾರ ಎಣ್ಣಿ ಬಟ್ಟಲ ತಗೊಂಡ. ಎರಡ ಹನಿ ಬ್ರೇಕಿಗೆ ಬಿಟ್ಟ.

ಗಾಡಿ ಸುಮ್ಮನಾತು.

ಬಿಗಿ ಇದ್ದ ಚೈನ್ ಗುಂಯ್ ಅಂತಿತ್ತು. ಅದೂ ಬ್ಯಾಡ ಅನಿಸ್ತು. ಸ್ವಲ್ಪ ಸಡ್ಲ ಬಿಟ್ಟ. ಅದೂ ಸುಮ್ಮನಾತು.

ಹೆಂಡ್ತಿ ಬೂದಿ ತಂದ್ಲು. "ಇವತ್ತ ಬೂದಿ ಬ್ಯಾಡ," ಅಂದ.

"ಯಾಕ್ರಿ?"

"ಅಳೂದ ನಿಂತೈತಿ. ಇನ್ನ ಬೂದಿ ಯಾಕ? ಹತ್ತ, ಹೊತ್ತಾತು."

ಸಪಾಟ ದಾರ್ಯಾಗ ಏನೂ ತಿಳೀಲಿಲ್ಲ. ಎಂಜಿನ್ ಸಣ್ಣ ಮಾಡಿದ್ರ ಗಾಡಿ ತಾನ ನಿಂದರತಿತ್ತು. ದಿಬ್ಬ ಏರಿದ್ರು. ಬಸರಿ ಹೆಣ್ಮಗಳಿಗೆ ಕೈತುಂಬ ಹಸರ ಬಳಿ ಇಟ್ರು. ಮನಿ ಹಿರೇಹೆಣ್ಣು ಖುಷಿ ಆದ್ಲು. "ಇವತ್ತ ನಿನ್ನ ಗಾಡಿ ಶ್ಯಾಣ್ಯಾ ಆಗೈತಿ ನೋಡು," ಅಂದ್ಲು. ಬಳಿಗಾರನ ಹೆಂಡ್ತಿಗೆ ಉಡಿ ತುಂಬಿ ಕಳಿಸಿದ್ಲು. ಅಂವ ಅಷ್ಟ ನಕ್ಕಿದ್ದು ಆಕಿ ಭಾಳ ದಿನದಾಗ ನೋಡಿದ್ದಿಲ್ಲ. ರಬ್ಬರಿನ ಮಾತ ಬಾಯಿತನಕ ಬಂತು. ನುಂಗಿಕೊಂಡ್ಲು.

ಆಕಿ ಉಡಿ ತುಂಬಿತ್ತಂತ ಮಲಾರ ಹ್ಯಾಂಡಲಿಗೆ ಕಟ್ಟಿ ಹೊಂಟ್ರು. ಇಳಿಜಾರ ಬಂತು. ಕೆಳಗ ದಾರಿ ಥಟ್ಟನ ಹೊಳ್ಳತೈತಿ. ಹೊಳ್ಳಿದಲ್ಲೆ ಕಾಲುವಿ, ಕಾಲುವಿಗೆ ಕಲ್ಲಿನ ಗ್ವಾಡಿ. ಆಕಿ ಕಣ್ಣ ಮುಚ್ಚಿದ್ಲು. ಉಸರ ಹಿಡದ ಕೀಂವ್ ಅನ್ನೂ ಸಪ್ಪಳ ಕಾಯಕೋತ ಕುಂತ್ಲು.

ಸಪ್ಪಳ ಬರಲಿಲ್ಲ. ಕಿವ್ಯಾಗ ಬರೇ ಗಾಳಿ.

"ಬ್ರೇಕ್ ಹಿಡದೀರೇನ್ರಿ?"

"ಹಿಡದೀನಿ."

"ಹಿಡೀರಿ ಮತ್ತ!"

"ಹಿಡದೀನಿ ಅಂದ್ನೆಲ್ಲ!"

ಅಂವನ ದನಿ ಅಂವಂದಾಗಿ ಉಳಿದಿದ್ದಿಲ್ಲ. ಆಕಿ ಕಣ್ಣ ತೆರೆದ್ಲು. ಬ್ರೇಕ್ ಹಿಡಿಕಿ ಮುಷ್ಟಿಯೊಳಗ ಪೂರ್ತಿ ಕುಂತಿತ್ತು. ಗಾಲಿ ಎಣ್ಣಿ ಹಚಗೊಂಡ ಹಾವಿನಂಗ ನುಣಚಾಕ ಹತ್ತಿತ್ತು.

ಅಂವ ಎಂಜಿನ್ ಬಂದ್ ಮಾಡಿ ಕ್ಲಚ್ ಬಿಟ್ಟ. ಸತ್ತ ಎಂಜಿನ್ನರ ಚೈನ್ ಹಿಡದ ಗಾಲಿನ ಹಿಂದಕ ಜಗ್ಗಲಿ ಅಂತ. ಬಿಗಿ ಇದ್ದಿದ್ರ ಜಗ್ಗತಿತ್ತು. ಸಡ್ಲ ಚೈನ್ ಒಮ್ಮೆ ಜಿಗಿತು, ಹಲ್ಲ ಬಿಟ್ಟ ಕಳಚಿ ಬಿತ್ತು. ಕಾಲ ಊರಿದ. ಚಪ್ಪಲ್ ಹರದ ಹೋತು, ಆಮ್ಯಾಲ ಹಿಮ್ಮಡ.

"ಜಿಗಿಯೇ!"

ಆಕಿ ಅಂವನ ಅಂಗಿ ಬಿಡಲಿಲ್ಲ. ಇನ್ನಷ್ಟ ಗಟ್ಟಿ ಹಿಡಕೊಂಡ್ಲು.

"ನಿನ್ನ ಪಾದಾ ಹಿಡೀತೀನಿ, ಜಿಗಿ!"

ಬಗಲಾಗ ರಂಟಿ ಹೊಡದ ಹೊಲ ಬಂತು. ಅಂವ ಒಂದ ಕೈ ಬಿಟ್ಟು ಮೊಣಕೈಲೆ ಆಕೀನ್ನ ದಬ್ಬಿದ. ಆಕಿ ಮೆತ್ತನ್ನ ಎರಿಮಣ್ಣಾಗ ಉಳ್ಳಿ ಬಿದ್ಲು. ಏಳೂದ್ರೊಳಗ ಕೆಳಗ ಬಳಿಕಾಜ ಒಡದ ಸಪ್ಪಳ ಆತು. ಮಲಾರ ಗ್ವಾಡಿಗೆ ಬಡದಿತ್ತು.

ಆಕಿ ಓಡಿ ಹೋದ್ಲು. ದಾರಿತುಂಬ ಹಸರ ಚೂರು. ಅಂವ ಗ್ವಾಡಿ ಬುಡಕ ಇದ್ದ. ಕರದ್ಲು. ಅಂವ ಓ ಅನ್ನಲಿಲ್ಲ.

ಆಕಿ ಕೈಯಾಗಿನ ಬಳಿ ಒಂದೂ ಒಡದಿದ್ದಿಲ್ಲ. ಅವನ್ನ ಒಡಿಯಾಕ ಸಂಜಿಗೆ ಓಣಿ ಹೆಣ್ಮಕ್ಳು ಬಂದ್ರು. ಗಾಡಿ ಅಳಬಾರದು ಅಂದಾಕಿ ಎಲ್ಲಾರಕಿಂತ ಮೊದಲ ಬಂದಿದ್ಲು, ಎಲ್ಲಾರಕಿಂತ ಜೋರ ಅತ್ಲು.

ಅವ್ವಾರು ಕತಿ ನಿಲ್ಲಿಸಿದ್ರು.

ನಿರುಪಾದಿ ಕೇಳಿದ: "ಹಂಗಾರ ಅವ್ವಾರ, ಅಂಜಿಕೋತನ ಗಾದಿ ಮ್ಯಾಲ ಕುಂದರಲೇನ್ರಿ?"

ಅವ್ವಾರು ಅಂವನ ಮಾರಿನ್ನ ನೋಡಿದ್ರು.

"ಗಾದಿ ಹಂಗಿರಲಿ. ಬ್ರೇಕ್ ಅತ್ತದ್ದು ರಬ್ಬರ್ ಸವದಿದ್ದಕ್ಕ. ನಿನ್ನೊಳಗ ಸವದಿದ್ದು ಏನು, ಅದನ್ನ ಹೇಳು."