ಹಾಲುಹಲ್ಲಿನ ಗುರುತು

"ಗುರುಗಳೇ, ಧ್ಯಾನಕ್ಕೆ ಕುಳಿತರೆ ತೀರಿಹೋದ ನನ್ನ ತಂಗಿಯ ಮುಖವೇ ಕಣ್ಣೆದುರು ಬರುತ್ತದೆ. ಮನಸ್ಸು ತೊಳೆದ ಕನ್ನಡಿಯಂತಿರಬೇಕೆಂದು ತಾವೇ ಹೇಳಿದ್ದೀರಿ. ಈ ಗುರುತನ್ನು ಅಳಿಸಿಹಾಕುವ ಸಾಧನೆ ಯಾವುದು?" ಎಂದು ಶಿಷ್ಯನು ಕೇಳಿದನು.

ಗುರುಗಳು ಜಪಮಾಲೆಯನ್ನು ಕೆಳಗಿಟ್ಟು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಹಳೆಯ ನಾಣ್ಯಗಳನ್ನು ಕೂಡಿಡುವುದೆಂದರೆ ಅವನಿಗೆ ಪ್ರಾಣ. ಸಾಗುವಾನಿ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಒಂದೊಂದು ಗುಳಿ ಕೊರೆಸಿ, ಒಂದಕ್ಕೊಂದು ತಾಗದಂತೆ ಹತ್ತಿಯ ಮೇಲೆ ಮಲಗಿಸಿದ್ದ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಅದರ ಮುಖಕ್ಕೆ ಬೆರಳು ತಾಗಬಾರದು. ಹುಣಸೆಹಣ್ಣು ಹಾಕಿ ತಿಕ್ಕಬಾರದು; ಬೆಳ್ಳಿಗೆ ಬಂದ ಕಪ್ಪು ಕೊಳೆಯಲ್ಲ, ವಯಸ್ಸು. ಅಚ್ಚು ಅಳಿಯದೆ ಉಳಿದದ್ದಕ್ಕೆ ಮೊದಲ ಸಾಲು, ಸವೆದದ್ದಕ್ಕೆ ನಡುವಿನ ಸಾಲು, ಪೆಟ್ಟು ತಿಂದದ್ದಕ್ಕೆ ಕೊನೆಯ ಸಾಲು. ಈ ಕಟ್ಟಳೆಯನ್ನು ಅವನು ಯಾರಿಗಾಗಿಯೂ ಸಡಿಲಿಸಿದವನಲ್ಲ.

ಮದುವೆಯಾಗಿ ಬಹುಕಾಲದ ಮೇಲೆ ಅವನಿಗೆ ಒಬ್ಬ ಮಗಳು ಹುಟ್ಟಿದಳು. ಮಗುವಿಗೆ ಹಲ್ಲು ಬರುತ್ತಿದ್ದ ಕಾಲ. ಹೊಸದಾಗಿ ತಂದ ಒಂದು ತೆಳ್ಳನೆಯ ಚಿನ್ನದ ನಾಣ್ಯವನ್ನು ವರ್ತಕನು ಕೆಳಗಿಟ್ಟು ಆ ಕಡೆ ತಿರುಗಿದ್ದೇ ತಡ, ಮಗು ಅದನ್ನು ಬಾಯಿಗೆ ಹಾಕಿಕೊಂಡಿತು. ತಾಯಿ ಓಡಿಬಂದು ಕಿತ್ತುಕೊಂಡಳು. ನಾಣ್ಯದ ಮುಖದ ಮೇಲೆ ಎರಡು ಪುಟ್ಟ ಕುಳಿಗಳು ಬಿದ್ದಿದ್ದವು.

ಆ ನಾಣ್ಯ ಅಸಲಿಯೋ ನಕಲಿಯೋ ಎಂಬ ಅನುಮಾನ ವರ್ತಕನಿಗೆ ಮೊದಲೇ ಇತ್ತು. ಚಿನ್ನ ಪರೀಕ್ಷಿಸುವ ಚಿನಿವಾರನ ಬಳಿಗೆ ಒಯ್ದ. ಚಿನಿವಾರನು ಕುಳಿಗಳನ್ನು ನೋಡಿ ನಕ್ಕುಬಿಟ್ಟ.

"ಸೆಟ್ಟರೇ, ಇನ್ನು ನನಗೇನು ಕೆಲಸ ಉಳಿಸಿದ್ದೀರಿ? ನಿಮ್ಮ ಮಗಳೇ ಪರೀಕ್ಷೆ ಮಾಡಿ ಮುಗಿಸಿದ್ದಾಳೆ. ಹಾಲುಹಲ್ಲಿಗೆ ಬಗ್ಗಿದೆಯೆಂದರೆ ಅಪ್ಪಟ ಚಿನ್ನವೇ ಸರಿ."

"ಅಪ್ಪಟವಾದರೇನು ಬಂತು? ಇನ್ನಿದಕ್ಕೆ ಕೊನೆಯ ಸಾಲೇ ಗತಿ" ಎಂದು ವರ್ತಕನು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ.

ಮುಂದಿನ ಬೇಸಿಗೆಯಲ್ಲಿ ಊರಿಗೆ ಸಿಡುಬು ಬಂತು. ಮಗು ಉಳಿಯಲಿಲ್ಲ. ರೋಗ ಹರಡಬಾರದೆಂದು ಅದರ ಬಟ್ಟೆ, ಹಾಸಿಗೆ, ತೊಟ್ಟಿಲು ಎಲ್ಲವನ್ನೂ ಸುಟ್ಟರು.

ಅಂದಿನಿಂದ ಹೆಂಡತಿ ದೀಪ ಹಚ್ಚಿದ ಮೇಲೆ ಆ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವಳು. ವರ್ತಕನು ಬಾಗಿಲಲ್ಲಿ ನಿಂತು ಅವಳ ಬೆನ್ನನ್ನು ನೋಡುವನು. ಅವಳು ಬಾಗುತ್ತಿದ್ದುದು ಕೊನೆಯ ಸಾಲಿನ ಕಡೆಗೆ. 'ಮಗಳ ನಾಣ್ಯ ಪೆಟ್ಟು ತಿಂದವುಗಳ ನಡುವೆ ಬಿದ್ದಿದೆಯಲ್ಲ, ಅದೇ ಇವಳ ಕೊರಗು' ಎಂದುಕೊಂಡನು. ಅವನಿಗೂ ಅದೇ ಕೊರಗಿತ್ತು. ಆದರೆ ಗುರುತು ಬಿದ್ದ ನಾಣ್ಯವನ್ನು ಮೊದಲ ಸಾಲಿಗೆ ಏರಿಸಲು ಅವನ ಕೈ ಬಾರದು. ಕೊನೆಗೆ ಹೆಂಡತಿಗೆ ಹೇಳದೆ ಅದನ್ನು ಅಕ್ಕಸಾಲಿಗನಿಗೆ ಕೊಟ್ಟು, ಕುಳಿಗಳನ್ನು ಒತ್ತಿಸಿ, ತಿಕ್ಕಿಸಿ, ನುಣ್ಣಗೆ ಮಾಡಿಸಿದನು. ತಿಕ್ಕಬಾರದೆಂಬ ಕಟ್ಟಳೆಯನ್ನು ಅವನು ಮುರಿದದ್ದು ಅದೊಂದೇ ಸಲ. ಅದೂ ಮಗಳ ಮೇಲಿನ ಪ್ರೀತಿಗೆ.

ಸಂಜೆ ಹೆಂಡತಿಯನ್ನು ಕರೆದು, "ನೋಡು, ನಮ್ಮ ಕೂಸಿನ ನಾಣ್ಯ ಮೊದಲ ಸಾಲಿಗೆ ಬಂತು" ಎಂದನು.

ಅವಳು ನಾಣ್ಯವನ್ನು ಎತ್ತಿಕೊಂಡು ಅದರ ಮುಖದ ಮೇಲೆ ಬೆರಳ ತುದಿ ಆಡಿಸಿದಳು. ಬೆರಳು ದಿನವೂ ಹೋಗುವ ದಾರಿಯಲ್ಲೇ ಹೋಗಿ, ನಿಲ್ಲಲು ಜಾಗವಿಲ್ಲದೆ ಜಾರಿತು. ಮತ್ತೊಮ್ಮೆ ಆಡಿಸಿದಳು.

"ಇದು ಯಾರದು?" ಎಂದು ಕೇಳಿದಳು.

"ನಮ್ಮ ಮಗಳದ್ದೇ ಕಣೇ."

"ಅಲ್ಲ. ಇದನ್ನು ನಮ್ಮ ಮಗಳು ಮುಟ್ಟಿಲ್ಲ."

ಹೀಗೆಂದು ಅವಳು ನಾಣ್ಯವನ್ನು ಅಂಚಿನಲ್ಲೇ ಹಿಡಿದು, ಅವನ ಕಟ್ಟಳೆಗೆ ಎಳ್ಳಷ್ಟೂ ತಪ್ಪದಂತೆ, ಮೊದಲ ಸಾಲಿನಲ್ಲಿಟ್ಟು ಎದ್ದುಹೋದಳು. ಮತ್ತೆಂದೂ ಆ ಪೆಟ್ಟಿಗೆಯ ಮುಂದೆ ಕೂರಲಿಲ್ಲ.

ವರ್ತಕನು ಒಬ್ಬನೇ ಉಳಿದ. ನಾಣ್ಯವನ್ನು ತೆಗೆದು ತನ್ನ ಹಲ್ಲುಗಳ ನಡುವೆ ಇಟ್ಟುಕೊಂಡ. ಆದರೆ ಕಚ್ಚಲಿಲ್ಲ. ಅವನದು ಮುದಿ ಹಲ್ಲು, ಹಾಲುಹಲ್ಲಲ್ಲ.

ಕತೆ ಮುಗಿಯಿತು. ಗುರುಗಳು ಜಪಮಾಲೆಯನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಅಳಿಸುವ ಸಾಧನೆಯನ್ನು ನಾಳೆಯೇ ಹೇಳಿಕೊಡುತ್ತೇನಪ್ಪಾ, ಆಮೇಲೆ ಆ ಗುರುತನ್ನು ಹುಡುಕಿಕೊಂಡು ಮಾತ್ರ ನನ್ನ ಬಳಿಗೆ ಬರಬೇಡ."