ಊಟಿ ದಾರಿಯಲ್ಲಿ ಕಚ್ಚಿದ ನಟ್ಟು

ಮೈಸೂರಿನ ವೀರರಾಜೇ ಅರಸರು ಅಂಗಳದಲ್ಲಿ ನಿಂತಿದ್ದ ತಂದೆಯ ಕಾಲದ ಕಾರನ್ನು ಮತ್ತೆ ಓಡಿಸಬೇಕೆಂದು ಹೊರಟಿದ್ದರು. ಚಕ್ರದ ನಟ್ಟು ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಸುತ್ತಿಗೆ ತಗೊಂಡು ಬಾರಿಸೋ! ಈ ಕ್ಷಣ ಚಕ್ರ ಬಿಚ್ಚಬೇಕು. ಇಲ್ಲದಿದ್ರೆ ಬೇರೆಯವನನ್ನ ಕರೆಸ್ತೀನಿ!" ಎಂದು ಅರಸರು ಗದರಿದರು.

ಬಾರಿಸಿದರೆ ಬೋಲ್ಟೇ ಮುರಿಯುತ್ತದೆಂದು ಮೆಕ್ಯಾನಿಕ್ ಜಬ್ಬಾರನಿಗೆ ಗೊತ್ತಿತ್ತು. ಎಣ್ಣೆ ಒಳಗಿಳಿಯಲು ಹೊತ್ತು ಬೇಕು. ಹಾಗೆಂದರೆ ಅರಸರು ಕೇಳುವ ಪೈಕಿಯಲ್ಲ. ಅವನು ನಟ್ಟಿಗೆ ಎಣ್ಣೆ ಬಿಟ್ಟ. ಸುತ್ತಿಗೆ ಎತ್ತಿದವನು ಹಾಗೇ ನಿಂತ.

"ಬುದ್ಧೀ, ಚಿಕ್ಕವರಿದ್ದಾಗ ಈ ಕಾರಲ್ಲಿ ಎಲ್ಲಿಗೆ ಹೋಗ್ತಿದ್ರಿ?"

"ಊಟಿಗೆ," ಎಂದರು ಅರಸರು. ದನಿ ಇಳಿಯಿತು. ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಹೇಳತೊಡಗಿದರು. ನಂಜನಗೂಡು ಬಂತು, ಗುಂಡ್ಲುಪೇಟೆ ಬಂತು. ಬಂಡೀಪುರದಲ್ಲಿ ಆನೆ ಅಡ್ಡ ನಿಂತಿತು. ಅಮ್ಮ ಬುತ್ತಿ ಬಿಚ್ಚಿದರು, ಕಿಟಕಿಯಲ್ಲಿ ಮಂಜು ನುಗ್ಗಿತು. ಜಬ್ಬಾರ ಹೂಂಗುಡುತ್ತಾ ಎಣ್ಣೆ ಬಿಡುತ್ತಲೇ ಇದ್ದ. ಕಾರಿನ ನೆರಳು ಮೆಲ್ಲಗೆ ಅಂಗಳ ದಾಟಿತು.

ಕೊನೆಗೆ ಸ್ಪ್ಯಾನರ್ ಇಟ್ಟು ಒತ್ತಿದ. ನಟ್ಟು ಕಿರ್ರೆಂದು ತಿರುಗಿತು.

"ಸಡಿಲಾಯ್ತು ಬುದ್ಧೀ! ಚಕ್ರ ಬಿಚ್ಚಲಾ?"

ಕಣ್ಣು ತೆರೆಯದೆಯೇ ಅರಸರು ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಲೋ ಲೋ, ಬೇಡ್ವೋ! ಕಾರಿನ್ನೂ ಘಟ್ಟ ಹತ್ತುತ್ತಾ ಇದೆ!"